ಕರೆಂಟೇ ಇಲ್ವಲ್ಲ, ಮತ್ತೆ ಮೆಷಿನ್ ಹೇಗೆ ಓಡ್ತು?

ಆಯುಧ ಪೂಜೆಯ ಹಿಂದಿನ ದಿನ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪ್ರೊಡಕ್ಷನ್ ಇರುವುದಿಲ್ಲ. ಬೆಳಿಗ್ಗೆಯಿಂದಲೇ ಕಾಟನ್ ವೇಸ್ಟು, ಡೀಸೆಲ್ಲು, ಬ್ರಷ್ಷು. ವರ್ಷವಿಡೀ ಯಾರೂ ತಲೆಹಾಕದ ಮೂಲೆಗೂ ಅವತ್ತು ಕೈ ಹೋಗುತ್ತದೆ. ನಾನು ಮೆಂಟೆನೆನ್ಸ್ ಕೆಲಸಕ್ಕೆ ಸೇರಿ ಎರಡು-ಮೂರು ವರ್ಷ ಆಗಿತ್ತು. ಅಂಥದ್ದೇ ಒಂದು ದಿನ ಕ್ಲ್ಯಾಂಪಿಂಗ್ ಫಿಕ್ಸ್ಚರ್ (ಜಾಬ್ ಅಲ್ಲಾಡದಂತೆ ಒತ್ತಿ ಹಿಡಿಯುವ ಸಾಧನ) ಒರೆಸುತ್ತಿದ್ದ ಹುಡುಗನ ಬ್ರಷ್ಷು ಕಟಕ್ ಅಂತ ಎರಡು ತುಂಡಾಯಿತು. ಕ್ಲ್ಯಾಂಪ್ ಮುಂದೆ ಬಂದು ಕೂತಿತ್ತು. ಬ್ರಷ್ಷಿನ ಹಿಡಿ ಅದರ ಕೆಳಗೆ ಚಪ್ಪಟೆಯಾಗಿತ್ತು. ಅವನ ಬೆರಳು ಅಲ್ಲಿಂದ ನಾಲ್ಕು ಇಂಚು ದೂರ ಇತ್ತು, ಅಷ್ಟೇ.

ಮೈನ್ ಸ್ವಿಚ್ ಆಫ್ ಮಾಡಿದ್ದು ನಾನೇ. ಹುಡುಗ ನನ್ನ ಮುಖ ನೋಡಿದ. "ಅಣ್ಣಾ, ಕರೆಂಟೇ ಇಲ್ವಲ್ಲ, ಮತ್ತೆ ಹೇಗೆ ಓಡ್ತು?"

ಓಡಿಸಿದ್ದು ಗಾಳಿ. ಕಂಪ್ರೆಸರ್ ನಿಂತಿತ್ತು, ಆದರೆ ಅದರ ಟ್ಯಾಂಕ್ ತುಂಬಿತ್ತು. ಲೈನ್ ವಾಲ್ವ್ ತೆರೆದೇ ಇತ್ತು. ಕರೆಂಟಿನ ಸಿಗ್ನಲ್ ಬಂದಾಗ ಗಾಳಿಯ ದಾರಿ ತಿರುಗಿಸುವ ಸಾಲೆನಾಯ್ಡ್ ವಾಲ್ವ್‌ನ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಒಂದು ಗುಂಡಿ ಇರುತ್ತದೆ. ಕರೆಂಟ್ ಇಲ್ಲದಾಗ ಕೈಯಿಂದ ಒತ್ತಿ ವಾಲ್ವ್ ತಿರುಗಿಸಲು ಕೊಟ್ಟಿರುವ ಗುಂಡಿ ಅದು. ಹುಡುಗ ಎಡಗೈಯಲ್ಲಿ ವಾಲ್ವ್ ಒರೆಸುವಾಗ ಬಟ್ಟೆ ಅದನ್ನು ಒತ್ತಿದೆ. ಕ್ಲ್ಯಾಂಪನ್ನು ತಳ್ಳುವುದು 63 ಮಿ.ಮೀ. ವ್ಯಾಸದ ಗಾಳಿ ಸಿಲಿಂಡರ್, ಒಳಗೆ 6 ಬಾರ್ ಒತ್ತಡದ ಗಾಳಿ. ಲೆಕ್ಕ ಹಾಕಿದರೆ ಸುಮಾರು 190 ಕೆಜಿ ತೂಕ ಕೂತಂತೆ. ಬೆರಳಿಗೆ ಅದರ ಕಾಲು ಭಾಗವೂ ಬೇಡ.

ಅವತ್ತಿನಿಂದ ಯಾರಾದರೂ "ಆಫ್ ಮಾಡಿದೀನಿ" ಎಂದರೆ ನಾನು "ಏನನ್ನ?" ಎಂದು ಕೇಳುತ್ತೇನೆ. ಜಗಳಗಂಟ ಎಂದು ಹೆಸರು ಬಂದಿದೆ, ಪರವಾಗಿಲ್ಲ. ಮೆಷಿನ್ ರಿಪೇರಿಗೋ ಕ್ಲೀನಿಂಗಿಗೋ ಕೈ ಹಾಕುವವರು, ಅವರಿಂದ ಕೆಲಸ ಮಾಡಿಸುವ ಸೂಪರ್‌ವೈಸರ್‌ಗಳು, ನಾಲ್ಕೈದು ಮೆಷಿನ್ ಇಟ್ಟುಕೊಂಡಿರುವ ಮಾಲೀಕರು, ಇವರೆಲ್ಲರಿಗಾಗಿ ಆ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಶಕ್ತಿ ಎಲ್ಲಿ ಅಡಗಿ ಕೂರುತ್ತದೆ

ಶಾಲೆಯಲ್ಲಿ ಓದಿದ್ದೇವೆ: ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ, ರೂಪ ಬದಲಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತೆವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರು ಧುಮುಕಿದ ರಭಸ ಕರೆಂಟ್ ಆಗಿ, ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು, ಕೋಲಾರದ ಚಿನ್ನದ ಗಣಿಯಲ್ಲಿ ಮೆಷಿನ್ ತಿರುಗಿಸಿತು. ಎತ್ತರದ ನೀರು, ಹರಿಯುವ ನೀರು, ತಿರುಗುವ ಟರ್ಬೈನ್, ಕರೆಂಟು, ಮತ್ತೆ ತಿರುಗುವ ಮೋಟರ್. ನಿಮ್ಮ ಶಾಪ್‌ನಲ್ಲೂ ನಡೆಯುವುದು ಇದೇ. ಆದರೆ ಮೋಟರ್‌ನಲ್ಲಿ ಕಥೆ ಮುಗಿಯುವುದಿಲ್ಲ.

ಮೋಟರ್ ಕಂಪ್ರೆಸರ್ ತಿರುಗಿಸಿದರೆ ಕರೆಂಟಿನ ಶಕ್ತಿ ಒಂದಷ್ಟು ಶಾಖವಾಗುತ್ತದೆ, ಒಂದಷ್ಟು ಒತ್ತಿಟ್ಟ ಗಾಳಿಯಾಗುತ್ತದೆ. ಪವರ್ ಪ್ರೆಸ್ ತಿರುಗಿಸಿದರೆ ಫ್ಲೈವೀಲ್ ಎಂಬ ಭಾರದ ಚಕ್ರದ ಓಟವಾಗುತ್ತದೆ. ಹೈಡ್ರಾಲಿಕ್ ಪಂಪ್ ತಿರುಗಿಸಿದರೆ ಎಣ್ಣೆಯ ಒತ್ತಡ, ಹಾಯ್ಸ್ಟ್ ತಿರುಗಿಸಿದರೆ ಮೇಲೆ ನೇತಾಡುವ ಭಾರ. ಸ್ವಿಚ್ ಆರಿಸಿದಾಗ ನಿಲ್ಲುವುದು ಬರುವ ಶಕ್ತಿ ಮಾತ್ರ. ಆಗಲೇ ಬಂದು, ವೇಷ ಬದಲಿಸಿ, ಒಳಗೆ ಕೂತಿರುವುದು ಹಾಗೇ ಇರುತ್ತದೆ. ನಲ್ಲಿಗೆ ನೀರು ಬರುವುದು ನಿಂತ ಮಾತ್ರಕ್ಕೆ ಸಂಪು ಖಾಲಿಯಾಗುವುದಿಲ್ಲ, ಅಲ್ವಾ?

ಎಷ್ಟು ಉಳಿದಿರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಪ್ರೆಸ್‌ನ ಫ್ಲೈವೀಲ್ 300 ಕೆಜಿ ಎಂದುಕೊಳ್ಳಿ. ತೂಕವೆಲ್ಲ ಹೆಚ್ಚುಕಡಿಮೆ ಅಂಚಿನಲ್ಲಿ, ನಡುವಿನಿಂದ 40 ಸೆಂ.ಮೀ. ದೂರ. ನಿಮಿಷಕ್ಕೆ 150 ಸುತ್ತು. ಒಳಗಿರುವ ಶಕ್ತಿ ಸುಮಾರು 5,900 ಜೂಲ್. ಜೂಲ್ ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. 50 ಕೆಜಿ ಅಕ್ಕಿ ಮೂಟೆಯನ್ನು 12 ಮೀಟರ್ ಎತ್ತರದಿಂದ, ಅಂದರೆ ನಾಲ್ಕಂತಸ್ತಿನ ತಾರಸಿಯಿಂದ ತಳ್ಳಿದರೆ ನೆಲ ಮುಟ್ಟುವಾಗ ಇರುವ ಶಕ್ತಿ ಅದು. ಮೋಟರ್ ಆಫ್ ಆಗಿ ಸದ್ದು ಕಡಿಮೆಯಾದ ಮೇಲೂ ಚಕ್ರ ತಿರುಗುತ್ತಲೇ ಇರುತ್ತದೆ. ಆಗ ಯಾರಾದರೂ ಪೆಡಲ್ ತುಳಿದು ಕ್ಲಚ್ ಹಿಡಿದರೆ ರ‍್ಯಾಮ್, ಅಂದರೆ ಪ್ರೆಸ್‌ನ ಏಟು ಹಾಕುವ ಭಾಗ, ಕೆಳಗೆ ಬರುತ್ತದೆ. ಒಂದು ಸಲ ಸಾಕು.

ಮೊದಲು ಮೆಷಿನ್ ಸುತ್ತ ಒಂದು ಸುತ್ತು ಹಾಕಿ

ಸ್ಪ್ಯಾನರ್ ಕೆಳಗಿಡಿ. ನೋಟ್‌ಬುಕ್, ಪೆನ್ನು ತೆಗೆದುಕೊಳ್ಳಿ. ಮೆಷಿನ್‌ಗೆ ಒಳಬರುವ ಪ್ರತಿ ತಂತಿ, ಪ್ರತಿ ಪೈಪ್ ಹಿಡಿದು ಅದು ಎಲ್ಲಿಂದ ಬರುತ್ತಿದೆ ಎಂದು ಹಿಂದೆ ಹಿಂದೆ ಹೋಗಿ. ಆಮೇಲೆ ಒಳಗೆ ಏನು ಉಳಿಯಬಹುದು ಎಂದು ನೋಡಿ. ಆಪರೇಟರ್‌ನನ್ನೂ ಜೊತೆಗೆ ಕರೆದುಕೊಳ್ಳಿ. "ಮೆಷಿನ್ ಆಫ್ ಮಾಡಿದ ಮೇಲೂ ಇದು ಯಾವಾಗಲಾದ್ರೂ ಅಲ್ಲಾಡಿದ್ದು ಉಂಟಾ?" ಎಂದು ಕೇಳಿ. ಮ್ಯಾನುಯಲ್‌ನಲ್ಲಿ ಇಲ್ಲದ ಉತ್ತರ ಸಿಗುತ್ತದೆ.

ಕರೆಂಟಿನಿಂದ ಶುರುಮಾಡೋಣ. ಒಂದೇ ಮೆಷಿನ್‌ಗೆ ಎರಡು ಕಡೆಯಿಂದ ಸಪ್ಲೈ ಇರುವುದು ನಾವಂದುಕೊಂಡದ್ದಕ್ಕಿಂತ ಜಾಸ್ತಿ. ಮೋಟರ್‌ಗೆ ಒಂದು ಪ್ಯಾನಲ್‌ನಿಂದ, ಕಂಟ್ರೋಲ್‌ಗೆ ಯುಪಿಎಸ್‌ನಿಂದ. ಜೊತೆಗೆ ಜನರೇಟರ್ ಇದ್ದರೆ ಚೇಂಜ್‌ಓವರ್ ಸ್ವಿಚ್ ಯಾವ ಕಡೆ ಇದೆ ನೋಡಿ. ಛಾವಣಿ ಮೇಲೆ ಸೋಲಾರ್ ಹಾಕಿಸಿದ್ದರೆ ಇನ್ನೊಂದು ವಿಷಯ: ಎಂಸಿಬಿ ಇಳಿಸಿದರೂ ಬಿಸಿಲಿರುವ ತನಕ ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ತಂತಿಯಲ್ಲಿ ಡಿಸಿ ವೋಲ್ಟೇಜ್ ಇದ್ದೇ ಇರುತ್ತದೆ. ಸೂರ್ಯನಿಗೆ ಸ್ವಿಚ್ ಇಲ್ಲ.

ಮೋಟರ್ ವೇಗ ಬದಲಿಸುವ ಡ್ರೈವ್ ಇದೆಯಾ? ಅದರೊಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಿವೆ. 415 ವೋಲ್ಟ್ ತ್ರೀ ಫೇಸ್ ಕೊಟ್ಟ ಡ್ರೈವ್‌ನಲ್ಲಿ ಒಳಗಿನ ಡಿಸಿ ಸುಮಾರು 585 ವೋಲ್ಟ್. ಮೈನ್ ಆಫ್ ಮಾಡಿ ಡಿಸ್‌ಪ್ಲೇ ಕಪ್ಪಾದ ಮೇಲೂ ಆ ಚಾರ್ಜ್ ಇಳಿಯಲು ನಿಮಿಷಗಟ್ಟಲೆ ಬೇಕು. ಡ್ರೈವ್‌ನ ಮುಚ್ಚಳದ ಮೇಲೆ ಎಷ್ಟು ನಿಮಿಷ ಕಾಯಬೇಕೆಂದು ಬರೆದಿರುತ್ತದೆ. ಧೂಳು ಒರೆಸಿ ಓದಿ.

ಗಾಳಿಯನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ಟೈರ್‌ಗೆ ಹೊಡೆಯುವ ಗಾಳಿ ತಾನೇ ಎನ್ನುವ ಧೋರಣೆ. 500 ಲೀಟರ್ ಟ್ಯಾಂಕ್‌ನಲ್ಲಿ 7 ಬಾರ್ ಗಾಳಿ ಎಂದರೆ ಲಕ್ಷಗಟ್ಟಲೆ ಜೂಲ್. ಮೇಲೆ ಹೇಳಿದ ಫ್ಲೈವೀಲ್ ಅದರ ಮುಂದೆ ಮಗು. ಹೊಸ ಟ್ಯಾಂಕ್ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಒಳಗೆ ಗಾಳಿ ಬದಲು ನೀರು ತುಂಬಿ ಒತ್ತಡ ಕೊಡುವುದು ಇದಕ್ಕೇ. ನೀರನ್ನು ಅದುಮಿದರೆ ಅದು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದೂ ಕಡಿಮೆ. ಟ್ಯಾಂಕ್ ಬಿರುಕು ಬಿಟ್ಟರೆ ನೀರು ಚಿಮ್ಮಿ ನಿಲ್ಲುತ್ತದೆ. ಗಾಳಿಯಾದರೆ ಟ್ಯಾಂಕೇ ಹಾರುತ್ತದೆ.

ಹೈಡ್ರಾಲಿಕ್‌ನಲ್ಲಿ ಎರಡು ವಿಷಯ. ಅಕ್ಯುಮುಲೇಟರ್ ಎನ್ನುವ ಸಿಲಿಂಡರ್ ಇದ್ದರೆ ಅದರೊಳಗೆ ನೈಟ್ರೋಜನ್ ಅದುಮಿಟ್ಟಿರುತ್ತಾರೆ. ಪಂಪ್ ನಿಂತರೂ ಅದು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ಇನ್ನೊಂದು, ಹೋಸ್‌ನ ಸೂಜಿಮೊನೆಯಷ್ಟು ಸೋರಿಕೆ. ಎಲ್ಲಿ ಸೋರುತ್ತಿದೆ ಎಂದು ಕೈ ಸವರಿ ನೋಡಬೇಡಿ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಆ ಎಣ್ಣೆ ಇಂಜೆಕ್ಷನ್ ಥರ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಮೊದಲು ನೋವೂ ಜಾಸ್ತಿ ಇರುವುದಿಲ್ಲ. ಬ್ಯಾಂಡ್ ಏಡ್ ಹಾಕಿ ಮನೆಗೆ ಕಳಿಸಿಬಿಡುತ್ತಾರೆ. ಅದು ಆಪರೇಷನ್ ಬೇಕಾಗುವ ಗಾಯ, ತಡಮಾಡಿದರೆ ಬೆರಳೇ ಹೋಗಬಹುದು. ಆಸ್ಪತ್ರೆಯಲ್ಲಿ "ಪ್ರೆಶರ್‌ನಲ್ಲಿ ಎಣ್ಣೆ ಒಳಗೆ ಹೋಗಿದೆ" ಎಂದು ಬಾಯಿಬಿಟ್ಟು ಹೇಳಬೇಕು.

ಇನ್ನು ಉಳಿದವು: ಮೇಲೆತ್ತಿದ ಭಾರ, ಅದುಮಿದ ಸ್ಪ್ರಿಂಗ್, ಬಿಸಿ ಎಣ್ಣೆ, ಹಬೆ, ಪೈಪ್‌ನಲ್ಲಿ ನಿಂತ ಆಸಿಡ್. ಟಿಪ್ಪರ್ ಲಾರಿಯ ತೊಟ್ಟಿ ಎತ್ತಿ ಅದರ ಕೆಳಗೆ ತಲೆ ಹಾಕುವುದು ಗ್ಯಾರೇಜ್‌ಗಳಲ್ಲಿ ಮಾಮೂಲಿ. ಅಲ್ಲಿ ಕರೆಂಟೂ ಇಲ್ಲ, ಇಂಜಿನ್ನೂ ಆಫ್. ತೊಟ್ಟಿಯ ತೂಕ ಮಾತ್ರ ರಜೆ ಹಾಕಿರುವುದಿಲ್ಲ.

ನೋಡಿದ್ದನ್ನೆಲ್ಲ ಒಂದು ಕಾರ್ಡ್‌ನಲ್ಲಿ ಬರೆದು ಮೆಷಿನ್‌ಗೇ ಅಂಟಿಸಿ. ಅವತ್ತು ಬ್ರಷ್ ಮುರಿದ ಫಿಕ್ಸ್ಚರ್‌ಗೆ ಆಮೇಲೆ ನಾವು ಬರೆದ ಕಾರ್ಡ್ ಹೀಗಿತ್ತು:

"ಕರೆಂಟ್: ಪ್ಯಾನಲ್ 2, ಮೂರನೇ ಐಸೊಲೇಟರ್. ಬೀಗ ಹಾಕಬೇಕು.
ಗಾಳಿ: ಎಡಗಡೆ ಕಂಬದ ಮೇಲಿನ ಹಳದಿ ಹಿಡಿಯ ವಾಲ್ವ್. ಅಡ್ಡ ತಿರುಗಿಸಿ ಬೀಗ ಹಾಕಬೇಕು.
ನಿಂತಿರುವ ಸಿಲಿಂಡರ್: ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆ ಮಾತ್ರ ಗಾಳಿ ಬಿಡಬೇಕು.
ಗೇಜ್ ಸೊನ್ನೆ ಆಗಿದ್ದರೂ ಸಿಲಿಂಡರ್‌ನ ಎರಡೂ ಪೈಪ್ ನಿಧಾನ ಸಡಿಲಿಸಿ ನೋಡಬೇಕು."

ಇಷ್ಟೇ. ನಾಲ್ಕು ಸಾಲು. (ಐಸೊಲೇಟರ್ ಎಂದರೆ ಸಪ್ಲೈಯನ್ನೇ ಕಡಿದು ಬೇರ್ಪಡಿಸುವ ಸ್ವಿಚ್.) ಕನ್ನಡದ ಕೆಳಗೆ ಹಿಂದಿಯಲ್ಲೂ ಬರೆಸಿದೆವು. ನಮ್ಮ ಹೆಲ್ಪರ್‌ಗಳಲ್ಲಿ ಅರ್ಧಕ್ಕರ್ಧ ಹುಡುಗರು ಹೊರರಾಜ್ಯದವರು. ವಾಲ್ವ್‌ನ ಫೋಟೋ ಹಾಕಿದ್ದು ಇನ್ನೂ ಒಳ್ಳೆಯದಾಯಿತು.

ಹೇಳಿ, ನಿಲ್ಲಿಸಿ, ಬೇರ್ಪಡಿಸಿ

ಕೆಲಸ ಶುರುಮಾಡುವ ಮೊದಲು ಆ ಮೆಷಿನ್‌ನ ಆಪರೇಟರ್‌ಗೂ ಅಕ್ಕಪಕ್ಕದವರಿಗೂ ಹೇಳಿ. ಆಮೇಲೆ ಮಾಮೂಲಿ ಸ್ಟಾಪ್ ಬಟನ್‌ನಿಂದ ನಿಲ್ಲಿಸಿ. ಓಡುತ್ತಿರುವಾಗಲೇ ಐಸೊಲೇಟರ್ ಎಳೆಯಬಾರದು, ಒಳಗೆ ಕಿಡಿ ಹಾರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕೆಂಪು ಅಣಬೆಯಂತಿರುವ ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಮೆಷಿನ್ ಸೇಫ್ ಎಂದು ಎಷ್ಟೋ ಜನ ನಂಬಿದ್ದಾರೆ. ಆ ಬಟನ್ ಮಾಡುವುದು ಇಷ್ಟೇ: ಸಾಮಾನ್ಯವಾಗಿ ಕಂಟ್ರೋಲ್ ಸರ್ಕ್ಯೂಟ್ ಕಡಿದು ಕಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡುವ, ಕಡಿಯುವ ಕಾಯಿಲ್ ಸ್ವಿಚ್) ಬೀಳಿಸುತ್ತದೆ. ಕಂಟ್ಯಾಕ್ಟರ್‌ನ ಮೇಲ್ಭಾಗದವರೆಗೆ 415 ವೋಲ್ಟ್ ಬಂದು ನಿಂತೇ ಇರುತ್ತದೆ. ಕಂಟ್ಯಾಕ್ಟರ್ ಒಳಗಿನ ಕಾಂಟ್ಯಾಕ್ಟ್‌ಗಳು ಸುಟ್ಟು ಅಂಟಿಕೊಂಡಿದ್ದರೆ ಅದೂ ಬೀಳುವುದಿಲ್ಲ. ಗಾರ್ಡ್ ತೆಗೆದರೆ ಮೆಷಿನ್ ನಿಲ್ಲುವ ಇಂಟರ್‌ಲಾಕ್ ಸ್ವಿಚ್ ಕೂಡ ಇದೇ ಜಾತಿ. ಇವೆಲ್ಲ ನಿಲ್ಲಿಸಲು ಇರುವವು. ಬೇರ್ಪಡಿಸುವುದು ಎಂದರೆ ತಂತಿಯಲ್ಲೇ ಗಾಳಿಯ ಅಂತರ ಬರುವಂತೆ ಐಸೊಲೇಟರ್ ಇಳಿಸುವುದು, ಪೈಪ್‌ನಲ್ಲಿ ವಾಲ್ವ್ ಮುಚ್ಚುವುದು. ಅಮೋನಿಯಾ, ಹಬೆ, ಆಸಿಡ್‌ನಂಥವು ಹರಿಯುವ ಪೈಪ್ ಆದರೆ ವಾಲ್ವ್ ಒಂದನ್ನೇ ನಂಬದೆ ನಡುವೆ ಬ್ಲೈಂಡ್ ಪ್ಲೇಟ್, ಅಂದರೆ ದಾರಿ ಪೂರ್ತಿ ಮುಚ್ಚುವ ತೂತಿಲ್ಲದ ತಟ್ಟೆ, ಹಾಕಬೇಕು. ಪ್ಯಾನಲ್ ಒಳಗೆ ಕೈ ಹಾಕುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಗಾಳಿಯ ಲೈನ್‌ಗೆ ಬಾಲ್ ವಾಲ್ವ್ ಕೊಳ್ಳುವಾಗ, ಮುಚ್ಚಿದಾಗ ಮೆಷಿನ್ ಕಡೆಯ ಗಾಳಿಯನ್ನು ತಾನೇ ಹೊರಬಿಡುವ, ಬೀಗ ಹಾಕಲು ತೂತಿರುವ ವಾಲ್ವ್ ಕೇಳಿ. ಬೆಲೆ ಸ್ವಲ್ಪ ಜಾಸ್ತಿ. ಪ್ರತಿ ಸಲ ಡ್ರೈನ್ ಹುಡುಕುವ ತಾಪತ್ರಯ ತಪ್ಪುತ್ತದೆ.

ಬೀಗ: ಒಬ್ಬರಿಗೆ ಒಂದು, ಕೀ ಒಂದೇ

ಹಳೇ ಲೈನ್‌ಮನ್‌ಗಳು ಕೆಲಸಕ್ಕೆ ಹತ್ತುವ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬುದ್ಧಿವಂತಿಕೆಯ ಪದ್ಧತಿ. ಆದರೆ ಕೆಳಗಿದ್ದವನ ಜೇಬಿನಲ್ಲಿ ಇನ್ನೊಂದು ಫ್ಯೂಸ್ ಇದ್ದರೆ ಏನು ಮಾಡುವುದು? ಬೀಗಕ್ಕೆ ಆ ತೊಂದರೆ ಇಲ್ಲ.

ನಿಮ್ಮ ಬೀಗ ನಿಮ್ಮದು. ಕೀ ನಿಮ್ಮ ಜೇಬಿನಲ್ಲಿ. ಎರಡನೇ ಕೀ ಆಫೀಸ್ ಡ್ರಾಯರ್‌ನಲ್ಲಿ ನೇತಾಡುತ್ತಿದ್ದರೆ ಬೀಗ ಹಾಕಿ ಉಪಯೋಗವಿಲ್ಲ. ಮೂರು ಜನ ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಐಸೊಲೇಟರ್‌ನ ತೂತು ಒಂದೇ ಇರುತ್ತದೆ, ಅದಕ್ಕೆ ಹಲವು ತೂತಿನ ಹಾಸ್ಪ್ ಎಂಬ ಕೊಂಡಿ ಸಿಗುತ್ತದೆ. ಕೊನೆಯವನು ತನ್ನ ಬೀಗ ತೆಗೆಯುವ ತನಕ ಮೆಷಿನ್ ಆನ್ ಆಗುವುದಿಲ್ಲ. ಎಂಸಿಬಿಗೂ ಮೇಲೆ ಕೂರಿಸಿ ಬೀಗ ಹಾಕುವ ಸಣ್ಣ ಕ್ಲಿಪ್‌ಗಳಿವೆ. ಜೊತೆಗೆ ಒಂದು ಟ್ಯಾಗ್: ಯಾರು, ಯಾಕೆ, ಎಷ್ಟು ಹೊತ್ತಿಗೆ ಹಾಕಿದ್ದು, ಮೊಬೈಲ್ ನಂಬರ್. ಬರೀ ಟ್ಯಾಗ್ ನೇತುಹಾಕಿ "ದಯವಿಟ್ಟು ಆನ್ ಮಾಡಬೇಡಿ" ಎಂದು ಬರೆದರೆ ಅದು ವಿನಂತಿ ಪತ್ರ, ಅಷ್ಟೇ.

ಇದನ್ನು ವಿದೇಶಿ ಫ್ಯಾಷನ್ ಎನ್ನುವವರಿದ್ದಾರೆ. ಅಮೆರಿಕದಲ್ಲಿ ಲಾಕೌಟ್-ಟ್ಯಾಗೌಟ್, ಅಂದರೆ ಬೀಗ ಹಾಕಿ ಟ್ಯಾಗ್ ಕಟ್ಟುವ ನಿಯಮ ಬಂದದ್ದು 1989ರಲ್ಲಿ ಎಂಬುದು ನಿಜ. ಆದರೆ ನಮ್ಮ 1948ರ ಫ್ಯಾಕ್ಟರೀಸ್ ಆಕ್ಟ್‌ನ 24ನೇ ಸೆಕ್ಷನ್‌ನಲ್ಲೂ ಬೀಗದ ಮಾತು ಸೇರಿತ್ತು. ಪವರ್ ಕಡಿಯುವ ಸಾಧನ ಕೈತಪ್ಪಿ ಆಫ್‌ನಿಂದ ಆನ್‌ಗೆ ಸರಿಯುವಂಥದ್ದಾದರೆ ಅದನ್ನು ಆಫ್‌ನಲ್ಲೇ ಬೀಗ ಹಾಕಿ ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂದು.

ಈಗ ನಮ್ಮ ಊರಿನ ದೊಡ್ಡ ಅಪಾಯಕ್ಕೆ ಬರೋಣ: ಪವರ್ ಕಟ್. ಕರೆಂಟ್ ಹೋದ ತಕ್ಷಣ "ಹೆಂಗೂ ಕರೆಂಟ್ ಇಲ್ಲ, ಬೇಗ ಬೆಲ್ಟ್ ಹಾಕಿಬಿಡೋಣ" ಎಂದು ಹೊರಡುವವರನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ನಾನೂ ಹೊರಟಿದ್ದೇನೆ. ಸ್ಟಾರ್ಟರ್ ಸರಿ ಇದ್ದರೆ ಕರೆಂಟ್ ಹೋದಾಗ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತುವ ತನಕ ಮೋಟರ್ ಓಡುವುದಿಲ್ಲ. ಆದರೆ ಗ್ರೈಂಡರ್, ಹಿಟ್ಟಿನ ಗಿರಣಿ, ಹಳೇ ಡ್ರಿಲ್ಲಿಂಗ್ ಮೆಷಿನ್, ಇವುಗಳಲ್ಲಿ ಎಷ್ಟಕ್ಕೆ ಬರೀ ತಿರುಗಿಸುವ ಸ್ವಿಚ್ ಇದೆ? ಅದು ಆನ್‌ನಲ್ಲೇ ಇದ್ದರೆ ಕರೆಂಟ್ ಬಂದ ಕ್ಷಣ ಮೋಟರ್ ಎದ್ದು ಕೂರುತ್ತದೆ. ತೋಟದ ಬೋರ್‌ವೆಲ್‌ಗಂತೂ ರಾತ್ರಿ ಎದ್ದು ಹೋಗುವುದು ತಪ್ಪಲಿ ಎಂದು ನಾವೇ ದುಡ್ಡು ಕೊಟ್ಟು ಆಟೋ ಸ್ಟಾರ್ಟರ್ ಹಾಕಿಸಿದ್ದೇವೆ. ಕರೆಂಟ್ ಬಂದರೆ ಪಂಪ್ ತಾನೇ ಓಡಬೇಕು ಎಂಬುದೇ ಅದರ ಉದ್ದೇಶ. ಆ ಸ್ಟಾರ್ಟರ್ ಡಬ್ಬಿ ತೆಗೆಯುವ ಮುಂಚೆ ಕಂಬದ ಕಡೆಯ ಮೈನ್ ಇಳಿಸಿ ಬೀಗ ಜಡಿಯಿರಿ. ಕರೆಂಟ್ ಇಲ್ಲದಿದ್ದಾಗಲೂ, ಕರೆಂಟ್ ಇಲ್ಲದಿದ್ದಾಗಲೇ ಮುಖ್ಯವಾಗಿ.

ಉಳಿದದ್ದನ್ನು ಖಾಲಿ ಮಾಡುವುದು

ಹೆಚ್ಚಿನವರು ಬೀಗ ಹಾಕಿದ ಕೂಡಲೇ ಸ್ಪ್ಯಾನರ್ ಎತ್ತುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇನ್ನೂ ಇದೆ. ಬೀಗ ತಡೆಯುವುದು ಹೊಸದಾಗಿ ಬರುವುದನ್ನು. ಒಳಗಿರುವುದನ್ನು ನೀವೇ ಹೊರಗೆ ಕಳಿಸಬೇಕು.

ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತುಂಬಾ ಮುಖ್ಯ. ಗಾಳಿಯ ಬಲದಲ್ಲೇ ಮೇಲೆ ನಿಂತಿರುವ ಟೂಲ್ ಇದೆ ಎಂದುಕೊಳ್ಳಿ. ನೀವು ಒಳ್ಳೆಯ ಮನಸ್ಸಿನಿಂದ ಡ್ರೈನ್ ಕಾಕ್ ತೆರೆದು ಗಾಳಿ ಬಿಡುತ್ತೀರಿ. ಗಾಳಿ ಹೋಯಿತು, ಟೂಲ್ ಧಪ್ ಎಂದು ಕೆಳಗೆ ಬಿತ್ತು. ಒಂದು ಶಕ್ತಿ ಖಾಲಿ ಮಾಡಲು ಹೋಗಿ ಇನ್ನೊಂದನ್ನು ಬಿಟ್ಟಂತಾಯಿತು. ಆದ್ದರಿಂದ ಮೊದಲು ಆಸರೆ, ಆಮೇಲೆ ಗಾಳಿ. ಭಾರವನ್ನು ಸಾಧ್ಯವಿದ್ದರೆ ಮೆಲ್ಲಗೆ ಕೆಳಗಿಳಿಸಿಬಿಡಿ. ಆಗದಿದ್ದರೆ ಅದರ ತೂಕ ತಡೆಯುವ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಿ. ಜ್ಯಾಕ್ ಎತ್ತಲು ಇರುವುದು, ಅದನ್ನೇ ಆಸರೆ ಎಂದು ನಂಬಿ ಕೆಳಗೆ ಮಲಗಬೇಡಿ. ಪ್ರೆಸ್‌ನಲ್ಲಿ ಡೈ (ಅಚ್ಚು) ಬದಲಿಸುವಾಗ ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಟ್ಟೇ ಕೈ ಹಾಕಿ. ಫ್ಲೈವೀಲ್ ಪೂರ್ತಿ ನಿಂತಿದೆ ಎಂದು ಕಣ್ಣಿಂದ ನೋಡಿ, ಸದ್ದು ಕೇಳಿ ತೀರ್ಮಾನ ಮಾಡಬೇಡಿ.

ಗಾಳಿ ಬಿಡುವಾಗ ಮೆಷಿನ್‌ನ ಮುಂದಿರುವ ರೆಗ್ಯುಲೇಟರ್ ಗೇಜ್ ಸೊನ್ನೆ ತೋರಿಸಿದರೆ ಎಲ್ಲ ಮುಗಿಯಿತು ಎನಿಸುತ್ತದೆ. ಮುಗಿದಿರುವುದಿಲ್ಲ. ಕೆಲವು ವಾಲ್ವ್‌ಗಳು ನಡುಸ್ಥಿತಿಯಲ್ಲಿ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ವಾಲ್ವ್‌ಗೂ ಸಿಲಿಂಡರ್‌ಗೂ ನಡುವೆ 6 ಬಾರ್ ಹಾಗೇ ಸಿಕ್ಕಿಬಿದ್ದಿರುತ್ತದೆ. ಗೇಜ್‌ಗೆ ಅದು ಕಾಣುವುದೇ ಇಲ್ಲ. ಸಿಲಿಂಡರ್ ಹತ್ತಿರದ ಫಿಟ್ಟಿಂಗ್ ಅನ್ನು ಅರ್ಧ ಸುತ್ತು ಸಡಿಲಿಸಿ, ಮುಖ ಪಕ್ಕಕ್ಕಿಟ್ಟು ಕಾಯಿರಿ. ಸುಯ್ ಎಂಬ ಸದ್ದು ನಿಂತ ಮೇಲೆ ಮುಂದಿನ ಸುತ್ತು. ಕನ್ನಡಕ ಹಾಕಿಕೊಂಡೇ ಮಾಡಿ. ಪುಶ್-ಫಿಟ್ಟಿಂಗ್ ಪೈಪ್ ಸುಮ್ನೆ ಎಳೆದರೆ ಹಾವಿನ ಹಾಗೆ ಹೊಡೆಯುತ್ತದೆ.

ಖಾಲಿ ಮಾಡಿದ್ದು ಮತ್ತೆ ತುಂಬಲೂಬಹುದು. ಮುಚ್ಚಿದ ವಾಲ್ವ್ ಒಳಗೊಳಗೇ ಸೋರಿ ಅರ್ಧ ಗಂಟೆಯಲ್ಲಿ ಲೈನ್‌ನಲ್ಲಿ ಒತ್ತಡ ಏರಿದ್ದನ್ನು ನೋಡಿದ್ದೇನೆ. ಅದಕ್ಕೇ ಡ್ರೈನ್ ಕಾಕ್ ತೆರೆದೇ ಇಟ್ಟು ಕೆಲಸ ಮಾಡಿ. ದೊಡ್ಡ ಕೆಪಾಸಿಟರ್‌ಗಳಿಗೂ ಇದೇ ಚಾಳಿ. ಒಮ್ಮೆ ಡಿಸ್‌ಚಾರ್ಜ್ ಮಾಡಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಒಂದಷ್ಟು ವೋಲ್ಟೇಜ್ ಮತ್ತೆ ಕಾಣಿಸಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನಿಸುವುದು ಡಿಸ್‌ಚಾರ್ಜ್ ಮಾಡುವ ವಿಧಾನ ಅಲ್ಲ. ಅದನ್ನು ಕಲಿಸಿದ ಗುರುಗಳಿಗೆ ನಮಸ್ಕಾರ ಹೇಳಿ, ಬರೆದಷ್ಟು ನಿಮಿಷ ಕಾದು, ಮೀಟರ್ ಹಿಡಿದು ನೋಡಿ.

ನಂಬಬೇಡಿ, ಪರೀಕ್ಷಿಸಿ

ಎಲೆಕ್ಟ್ರಿಷಿಯನ್ ಮೀಟರ್ ಹಿಡಿಯುವುದು ಮೂರು ಸಲ. ಮೊದಲು ಕರೆಂಟ್ ಖಂಡಿತ ಇರುವ ಜಾಗದಲ್ಲಿ ಮೀಟರ್ ಇಟ್ಟು ಅದು ಸರಿ ತೋರಿಸುತ್ತದಾ ಎಂದು ನೋಡಬೇಕು. ಎರಡನೆಯದು, ಕೆಲಸ ಮಾಡಬೇಕಾದ ಜಾಗ: ಫೇಸ್‌ನಿಂದ ಫೇಸ್‌ಗೆ, ಪ್ರತಿ ಫೇಸ್‌ನಿಂದ ನ್ಯೂಟ್ರಲ್‌ಗೆ, ಅರ್ಥ್‌ಗೆ. ಮೂರನೆಯದು, ಮತ್ತೆ ಮೊದಲಿನ ಜಾಗ. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ನಡುವೆ ಮೀಟರ್‌ನ ಬ್ಯಾಟರಿಯೋ ಫ್ಯೂಸೋ ಹೋಗಿದ್ದರೆ ಅದು ತೋರಿಸಿದ ಸೊನ್ನೆ ಸುಳ್ಳು. ಜೇಬಿನ ನಿಯಾನ್ ಟೆಸ್ಟರ್ ಈ ಕೆಲಸಕ್ಕೆ ಬೇಡ. ಬಿಸಿಲಿನಲ್ಲಿ ಅದರ ದೀಪ ಕಾಣುವುದಿಲ್ಲ, ಒಣ ಮರದ ಸ್ಟೂಲ್ ಮೇಲೆ ನಿಂತರೆ ಸರಿಯಾಗಿ ಹೊತ್ತುವುದೂ ಇಲ್ಲ.

ಆಮೇಲೆ ಎಲ್ಲರನ್ನೂ ದೂರ ಕಳಿಸಿ ಸ್ಟಾರ್ಟ್ ಬಟನ್ ಒತ್ತಿ. ಓಡಬಾರದು. ಪೆಡಲ್ ತುಳಿಯಿರಿ, ಮೆಷಿನ್ ಸ್ವಲ್ಪಸ್ವಲ್ಪವೇ ಓಡಿಸುವ ಜಾಗ್ ಬಟನ್ ಒತ್ತಿ, ಸಾಲೆನಾಯ್ಡ್‌ನ ಆ ಕಡಲೆಬೇಳೆ ಗುಂಡಿಯನ್ನೂ ಉದ್ದನೆಯ ಕಡ್ಡಿಯಿಂದ ಒತ್ತಿ ನೋಡಿ. ಏನೂ ಅಲ್ಲಾಡಬಾರದು. ನೋಡಿದ ಮೇಲೆ ಸ್ವಿಚ್‌ಗಳನ್ನು ಮರೆಯದೆ ಆಫ್‌ಗೆ ತನ್ನಿ. ಮರೆತರೆ ಬೀಗ ತೆಗೆದ ಮೇಲೆ ಮೆಷಿನ್ ತಾನೇ ಎದ್ದೀತು. ಒಂದು ಸಲ ಈ ಪರೀಕ್ಷೆಯಲ್ಲೇ ನಮ್ಮ ಮೆಷಿನ್ ಓಡಿಬಿಟ್ಟಿತು. ಬೀಗ ಹಾಕಿದ್ದು ಪಕ್ಕದ ಮೆಷಿನ್‌ನ ಐಸೊಲೇಟರ್‌ಗೆ! ಎರಡರ ಲೇಬಲ್ ಯಾವತ್ತೋ ಅದಲುಬದಲಾಗಿತ್ತು. ಎಲೆಕ್ಟ್ರಿಷಿಯನ್ ನಕ್ಕ, ನಾನೂ ನಕ್ಕೆ, ಆಮೇಲೆ ಇಬ್ಬರಿಗೂ ಟೀ ಕುಡಿಯಲು ಕೈ ನಡುಗುತ್ತಿತ್ತು.

ಶಿಫ್ಟ್ ಬದಲಾದರೆ

ಮೊದಲ ಶಿಫ್ಟ್‌ನವನು ಬೀಗ ತೆಗೆದು ಹೋಗಿ, ಎರಡನೇ ಶಿಫ್ಟ್‌ನವನು ಬಂದು ಹಾಕಿದರೆ ನಡುವೆ ಹತ್ತು ನಿಮಿಷ ಮೆಷಿನ್ ಬೀದಿಪಾಲು. ಬರುವವನು ಮೊದಲು ತನ್ನ ಬೀಗ ಹಾಕಲಿ, ಆಮೇಲೆ ಹೋಗುವವನು ತೆಗೆಯಲಿ. ಯಾರಾದರೂ ಕೀ ಸಮೇತ ಮನೆಗೆ ಹೋಗಿಬಿಟ್ಟರೆ ತಕ್ಷಣ ಕಟ್ಟರ್ ತರಬೇಡಿ. ಫೋನ್ ಮಾಡಿ, ಅವನು ಹೊರಗಿದ್ದಾನೆ ಎಂದು ಖಾತ್ರಿ ಮಾಡಿಕೊಳ್ಳಿ. ಮೆಷಿನ್ ಒಳಗೆ-ಹೊರಗೆ ಟಾರ್ಚ್ ಹಾಕಿ ನೋಡಿ. ಸೂಪರ್‌ವೈಸರ್ ಎದುರಲ್ಲೇ ಬೀಗ ಒಡೆಯಿರಿ. ಮರುದಿನ ಅವನು ಮೆಷಿನ್ ಮುಟ್ಟುವ ಮೊದಲೇ ಅವನಿಗೆ ವಿಷಯ ತಿಳಿಸಿ, ಇಲ್ಲದಿದ್ದರೆ ತನ್ನ ಬೀಗ ಅಲ್ಲೇ ಇದೆ ಎಂದುಕೊಂಡು ನೇರ ಕೈ ಹಾಕುತ್ತಾನೆ.

ಹೊರಗಿನಿಂದ ಬರುವ ವೆಲ್ಡರ್, ಪೇಂಟರ್‌ಗಳಿಗೂ ಒಂದೊಂದು ಬೀಗ ಕೊಡಿ. ಅವರು ಎಲ್ಲಿ ತೂರಿಕೊಂಡಿದ್ದಾರೆ ಎಂದು ನಮಗೆ ನೆನಪಿರುವುದೇ ಇಲ್ಲ.

ಮತ್ತೆ ಚಾಲೂ ಮಾಡುವಾಗ

ಟೂಲ್‌ಗಳನ್ನು ಎಣಿಸಿ ಎತ್ತಿಡಿ. ಗಾರ್ಡ್‌ಗಳನ್ನು ಹಾಕಿ, ದಿಮ್ಮಿ ತೆಗೆಯಿರಿ. ಜನರನ್ನು ಹಿಂದೆ ಕಳಿಸಿ, ಎಲ್ಲರೂ ಕಾಣುತ್ತಿದ್ದಾರಾ ಎಂದು ತಲೆ ಎಣಿಸಿ. ಅವರವರ ಬೀಗ ಅವರವರೇ ತೆಗೆಯಲಿ.

ಗಾಳಿಯ ವಾಲ್ವ್ ಅನ್ನು ಒಂದೇ ಸಲಕ್ಕೆ ತಿರುಗಿಸಬೇಡಿ. ಖಾಲಿಯಾಗಿದ್ದ ಸಿಲಿಂಡರ್‌ಗೆ ಎದುರುಗಡೆಯಿಂದ ತಡೆಯುವ ಗಾಳಿಯೂ ಇರುವುದಿಲ್ಲ. ಹಾಗಾಗಿ ಮೊದಲ ಸಲ ಅದು ಮಾಮೂಲಿಗಿಂತ ಜೋರಾಗಿ ಹಾರುತ್ತದೆ. ಕಾಲು ಭಾಗ ತೆರೆದು ಹತ್ತು ಎಣಿಸಿ, ಗೇಜ್ ಏರುವುದನ್ನು ನೋಡಿ, ಆಮೇಲೆ ಪೂರ್ತಿ.

ಈಗಲೂ ನಮ್ಮ ಶಾಪ್‌ನಲ್ಲಿ ಆಯುಧ ಪೂಜೆಯ ಕ್ಲೀನಿಂಗ್ ಶುರುವಾಗುವ ಮುನ್ನ ಕಂಪ್ರೆಸರ್ ಟ್ಯಾಂಕ್‌ನ ಡ್ರೈನ್ ತೆರೆಯುತ್ತೇವೆ. ಇಡೀ ಟ್ಯಾಂಕ್ ಖಾಲಿಯಾಗುವವರೆಗೆ ಕಿವಿಗಡಚಿಕ್ಕುವ ಸದ್ದು. ಆ ಸದ್ದು ನಿಂತ ಮೇಲೆಯೇ ಡೀಸೆಲ್ ಡಬ್ಬಿ ಹೊರಗೆ ಬರುತ್ತದೆ. ಬ್ರಷ್ ಮುರಿದುಕೊಂಡ ಹುಡುಗ ಈಗ ಶಿಫ್ಟ್ ಇನ್‌ಚಾರ್ಜ್. ಪೂಜೆಯ ದಿನ ಮೆಷಿನ್‌ಗಳ ಜೊತೆ ಬೋರ್ಡ್‌ನಲ್ಲಿ ನೇತಾಡುವ ಬೀಗಗಳಿಗೂ ಸಾಲಾಗಿ ಕುಂಕುಮ ಇಡುತ್ತಾನೆ.